ಹನ್ನೆರಡನೆಯ ಕುಳಿ

ಜೂನ್ 3

ಪುಟ್ಟಿ,

ಹಕ್ಕಿಗಳು ಕ್ಷೇಮ. ನಿಮ್ಮಮ್ಮ ಕ್ಷೇಮ. ನಾನು ಹೇಗಿದ್ದೇನೆಂಬುದನ್ನು ಪತ್ರ ಓದಿ ಮುಗಿಸಿ ನೀನೇ ತೀರ್ಮಾನಿಸು.

ಈ ಪೆಟ್ಟಿಗೆಯಲ್ಲಿ ನೂರು ಟ್ಯೂಬುಗಳಿವೆ. ಕೋಳಿ, ಟರ್ಕಿ, ಗಿನಿ ಕೋಳಿ, ಗೌಜಲಕ್ಕಿ, ಬಾತುಕೋಳಿ, ತಲಾ ಇಪ್ಪತ್ತು. ನೂರು ರೆಕ್ಕೆಗಳ ನರವನ್ನೂ ನಾನೇ ಚುಚ್ಚಿದ್ದು, ಒಂದು ಹಕ್ಕಿಯೂ ಸತ್ತಿಲ್ಲ. ಟರ್ಕಿ ಹುಂಜ ಮಾತ್ರ ನನ್ನ ಕಿವಿಯನ್ನು ಕುಕ್ಕಿ ರಕ್ತಕ್ಕೆ ರಕ್ತ ಲೆಕ್ಕ ಚುಕ್ತಾ ಮಾಡಿಕೊಂಡಿತು. ಶೆಡ್ಡಿನ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ಬಂದವರನ್ನೆಲ್ಲ ತಡೆಯುತ್ತದೆಂದು ಅದಕ್ಕೆ ದಫೇದಾರ ಎಂದು ಹೆಸರಿಟ್ಟಿದ್ದೇನೆ.

ಬಾತುಗಳು ಹೊರಗಿನ ಕೆರೆಯಿಂದ ಬಂದವು. ಸದ್ಯ ಹಿಂದಿನ ಶೆಡ್ಡಿನಲ್ಲಿ ಬೇರೆಯಾಗಿಟ್ಟಿದ್ದೇನೆ.

ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿಯನ್ನು ತೆಗೆದು ನಿಮಗೆ ಕಳಿಸುವುದಷ್ಟೇ ಈಗ ನನ್ನ ಕೆಲಸ. ಪ್ಲೇಟ್ ಓದುವುದೆಲ್ಲ ನಿಮ್ಮ ದೊಡ್ಡ ಲ್ಯಾಬಿಗೆ ಹೋಯಿತಲ್ಲ. ಇಪ್ಪತ್ತೇಳು ವರ್ಷ ನಾನು ಕೂತ ಮೇಜಿನ ಮೇಲೆ ಮ್ಯಾನೇಜರು ಹೆಲ್ಮೆಟ್ ಇಡುತ್ತಾರೆ. ನಿನಗೆ ನೆನಪಿದೆಯೋ ಇಲ್ಲವೋ, ಅದೇ ಮೇಜಿನ ಮುಂದೆ ಸ್ಟೂಲು ಹತ್ತಿ ನಿಂತು ಪ್ಲೇಟ್ ಓರೆ ಮಾಡಿದವಳು ನೀನು. ಆಗ ನಿನಗೆ ಒಂಬತ್ತು ವರ್ಷ. ಪ್ಲೇಟಿನ ಪುಟ್ಟ ಕುಳಿಯಲ್ಲಿ ತಿಳಿ, ವೈರಸ್, ಕೋಳಿಯ ಕೆಂಪು ಕಣ ಬೆರೆಸಿಟ್ಟಾಗ ಕಣಗಳು ತಳದಲ್ಲಿ ಚುಕ್ಕೆಯಾಗಿ ಕೂತರೆ ಆ ಹಕ್ಕಿಯಲ್ಲಿ ರೋಗಕ್ಕೆ ಪ್ರತಿಕಾಯ ಇದೆ, ಹಾಸಿನಂತೆ ಹರಡಿಕೊಂಡರೆ ಇಲ್ಲ ಎಂದು ಹೇಳಿಕೊಟ್ಟಿದ್ದೆ. ಓರೆ ಮಾಡಿದಾಗ ಚುಕ್ಕೆ ಕರಗಿ ಕೆಳಗಿಳಿಯಿತು. "ಅಪ್ಪಾ, ಅಳ್ತಿದೆ ನೋಡು" ಅಂದೆ.

ಪತ್ರವನ್ನು ಎಂದಿನಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಐಸಿನ ಕೆಳಗಿಟ್ಟಿದ್ದೇನೆ. ಮೇಲೆ ಇಟ್ಟರೆ ನಿಮ್ಮ ಲ್ಯಾಬಿನ ಮೇಷ್ಟ್ರ ಕೈಗೆ ಮೊದಲು ಸಿಗುತ್ತದೆ.

ನಿನ್ನ ಅಪ್ಪ


ಜೂನ್ 11

ಅಪ್ಪಾ,

ಪೆಟ್ಟಿಗೆ ಬಂತು. ಒಂದು ಟ್ಯೂಬೂ ಒಡೆದಿಲ್ಲ, ಪತ್ರದ ಮೂಲೆ ಮಾತ್ರ ನೆಂದಿತ್ತು. ದಫೇದಾರನಿಗೆ ನನ್ನ ಸಲಾಮು ಹೇಳು, ಕಿವಿಗೆ ಮುಲಾಮು ಹಚ್ಚಿಕೋ.

ನೂರೂ ಹಕ್ಕಿಗಳ ತಿಳಿ ನೋಡಿಯಾಯಿತು. ಎಲ್ಲವೂ ಹಾಸು, ಚುಕ್ಕೆಯೇ ಇಲ್ಲ. ಅಂದರೆ ಯಾವ ಹಕ್ಕಿಯೂ ಇದುವರೆಗೆ ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ ವೈರಸ್ಸನ್ನು ಕಂಡಿಲ್ಲ. ಬಾತುಗಳ ಬಗ್ಗೆ ಸ್ವಲ್ಪ ಹೆದರಿಕೆಯಿತ್ತು, ಏಕೆಂದರೆ ಅವು ರೋಗ ಬಂದರೂ ತೋರಿಸಿಕೊಳ್ಳದೆ ತಿಂದುಂಡು ಓಡಾಡಿಕೊಂಡು ಬೇರೆ ಹಕ್ಕಿಗಳಿಗೆ ಹಂಚುತ್ತವೆ. ಆದರೆ ಅವೂ ಶುದ್ಧ. ಶುಕ್ರವಾರ ವರದಿ ಕಳಿಸುತ್ತೇನೆ. ಅದು ಬಂದ ಮೇಲೆ ಮ್ಯಾನೇಜರು ಬಾತುಗಳನ್ನೂ ದೊಡ್ಡ ಶೆಡ್ಡಿಗೆ ಸೇರಿಸಬಹುದು. ಪ್ರತಿ ಜಾತಿಯಲ್ಲಿ ಹತ್ತಕ್ಕೆ ಲಸಿಕೆ, ಹತ್ತಕ್ಕೆ ಇಲ್ಲ. ಒಂದೇ ಲಸಿಕೆಗೆ ಯಾವ ಜಾತಿಯ ಮೈ ಹೇಗೆ ಉತ್ತರ ಕೊಡುತ್ತದೆ ಎಂದು ನೋಡುವುದೇ ನನ್ನ ಕೆಲಸ.

ಸರ್ ಪ್ಲೇಟ್ ಜೋಡಿಸುವ ಕ್ರಮವನ್ನೇ ಬದಲಿಸಿದ್ದಾರೆ. ನೀನು ಸಾಲಿನ ಕೊನೆಯ ಹನ್ನೆರಡನೆಯ ಕುಳಿಗೆ ವೈರಸ್ ಹಾಕದೆ, ಬರೀ ತಿಳಿ ಮತ್ತು ಕೋಳಿಯ ಕೆಂಪು ಕಣ ಹಾಕಿ ಬಿಡುತ್ತಿದ್ದೆಯಲ್ಲ, ಕಾವಲು ಕುಳಿ ಅಂತ? ಸರ್ ಅದನ್ನು ತೆಗೆದು ಹಾಕಿದರು. "ಇಷ್ಟು ವರ್ಷದಲ್ಲಿ ಅದು ಒಂದು ಸಲಾನೂ ಏನೂ ಹೇಳಿಲ್ಲ, ದಂಡಕ್ಕೆ ಕೂತಿದೆ" ಅಂದರು. ನೀನೇನು ಹೇಳುತ್ತೀಯ? ಶುಕ್ರವಾರದೊಳಗೆ ಬರೆ.

ಸರ್ ಜೊತೆ ಕೆಲಸ ಮಾಡುವುದೇ ಒಂದು ಸಂತೋಷ ಅಪ್ಪಾ. ನನ್ನ ಪಕ್ಕದಲ್ಲೇ ಕೂತು, ಫ್ಲಾಸ್ಕಿನ ಟೀ ಇಬ್ಬರಿಗೂ ಸುರಿದು, ಕುಳಿ ಕುಳಿಯಾಗಿ ನೋಡುತ್ತಾರೆ. ನಾನು ನಿಜವಾಗಿ ಪ್ಲೇಟ್ ಓದಲು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ ಅನ್ನಿಸುತ್ತದೆ.

ಪುಟ್ಟಿ


ಜೂನ್ 13
(ಬರೆದದ್ದು, ಪೆಟ್ಟಿಗೆಗೆ ಹಾಕದ್ದು)

ಪುಟ್ಟಿ,

ತಕ್ಷಣ ಬರೆಯುತ್ತಿದ್ದೇನೆ. ವರದಿ ಕಳಿಸಬೇಡ.

ಕಾವಲು ಕುಳಿ ದಂಡಕ್ಕೆ ಕೂತಿಲ್ಲ. ಕೋಳಿಯ ತಿಳಿಗೆ ಅದು ಬೇಕಿಲ್ಲ, ನಿಮ್ಮ ಮೇಷ್ಟ್ರು ಜೀವನಪೂರ್ತಿ ಕೋಳಿಯನ್ನೇ ನೋಡಿದವರು, ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಬಾತಿನ ತಿಳಿಗೆ ಕೋಳಿಯ ಕೆಂಪು ಕಣ ಕಂಡರೆ ಆಗುವುದಿಲ್ಲ. ವೈರಸ್ ಇರಲಿ ಬಿಡಲಿ, ಕಂಡ ಕೂಡಲೇ ಮುದ್ದೆ ಕಟ್ಟಿ ಹಾಸಿಬಿಡುತ್ತದೆ. ಪ್ರತಿಕಾಯ ತುಂಬಿ ತುಳುಕುತ್ತಿದ್ದರೂ ನಿನ್ನ ಕಣ್ಣಿಗೆ ಇಲ್ಲವೆಂದೇ ತೋರುತ್ತದೆ. ವೈರಸ್ಸೇ ಹಾಕದ ಹನ್ನೆರಡನೆಯ ಕುಳಿಯಲ್ಲೂ ಹಾಸು ಕಂಡರೆ ಆ ಸಾಲನ್ನು ನಂಬಬಾರದು. ಅದಕ್ಕೇ ಅದನ್ನು ಇಡುತ್ತಿದ್ದದ್ದು. ತಿಳಿಯನ್ನು ಮೊದಲು ತೊಳೆಯಬೇಕು, ಹೇಗೆಂದರೆ


ಜೂನ್ 13

ಪುಟ್ಟಿ,

ನಿನ್ನ ಪತ್ರ ತಲುಪಿತು.

ಹನ್ನೆರಡನೆಯ ಕುಳಿಯ ಬಗ್ಗೆ ಕೇಳಿದ್ದೀಯ. ದೊಡ್ಡವರು ತೆಗೆದ ಮೇಲೆ ಚಿಕ್ಕವರದ್ದೇನು ಮಾತು? ನಿಜವಾಗಿ ಕಲಿಸಿದವರನ್ನೇ ಕೇಳು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರಲ್ಲ, ಹಾಗೆ.

ಇಲ್ಲಿ ಬಿಸಿಲು ಜೋರು. ದಫೇದಾರ ನೀರಿನ ತೊಟ್ಟಿಯೊಳಗೇ ನಿಲ್ಲುತ್ತಾನೆ.

ಇಂತಿ,
ಹಿತ್ತಲ ಗಿಡ


ಜುಲೈ 6

ಅಪ್ಪಾ,

ಹಿತ್ತಲ ಗಿಡಕ್ಕೆ ನಮಸ್ಕಾರ. ನಿನ್ನ ಪತ್ರ ಓದಿ ನಕ್ಕೆ. ಆಮೇಲೆ ಎರಡನೆಯ ಸಲ ಓದಿದೆ, ಆಗ ನಗು ಬರಲಿಲ್ಲ. ನಾನೇನಾದರೂ ತಪ್ಪು ಮಾತಾಡಿದೆನಾ?

ಲಸಿಕೆಯ ನಂತರದ ಮೊದಲ ರಕ್ತ ನೋಡಿದೆವು. ಸಾಲಿನಲ್ಲಿ ಕುಳಿಯಿಂದ ಕುಳಿಗೆ ತಿಳಿಯನ್ನು ಅರ್ಧರ್ಧ ತೆಳುವಾಗಿಸುತ್ತೇವಲ್ಲ, ಕೋಳಿಗಳದ್ದು ಆಗಲೇ ಏಳನೆಯ ಕುಳಿಯವರೆಗೆ ಚುಕ್ಕೆ! ಟರ್ಕಿಗಳದ್ದು ನಿಧಾನ, ನಾಲ್ಕರಲ್ಲಿ ನಿಂತಿವೆ. ಗಿನಿ ಕೋಳಿ ಐದು. ಗೌಜಲಕ್ಕಿ ಮೂರರ ಮೇಲೆ ಏಳಲೊಲ್ಲದು. ಬಾತುಗಳಲ್ಲಿ ಮಾತ್ರ ಏನೇನೂ ಇಲ್ಲ, ಪೂರ್ತಿ ಹಾಸು. ಲಸಿಕೆಯನ್ನು ಅವುಗಳ ಮೈ ಗಮನಿಸಿಯೇ ಇಲ್ಲ. ಸರ್ ಕುರ್ಚಿಯಿಂದ ಎದ್ದುಬಿಟ್ಟರು. ಇದು ಹೊಸ ಸಂಗತಿ, ವಿಜ್ಞಾನಿಗಳ ಸಭೆಯಲ್ಲಿ ಓದಬೇಕು, ನೀನೇ ಓದಬೇಕು ಅಂದರು. ನನ್ನ ಹೆಸರು ಮೊದಲು, ಅವರದ್ದು ಆಮೇಲೆ. ಯಾವ ಮೇಷ್ಟ್ರು ಹಾಗೆ ಮಾಡುತ್ತಾರೆ ಹೇಳು?

ಲ್ಯಾಬಿನ ಸುದ್ದಿಹಾಳೆಯಲ್ಲಿ ನಮ್ಮ ಫೋಟೋ ಬಂದಿದೆ, ಕಳಿಸಿದ್ದೇನೆ. ಅಮ್ಮನಿಗೆ ತೋರಿಸು.

ಪುಟ್ಟಿ


ಜುಲೈ 8

ಪುಟ್ಟಿ,

ಫೋಟೋ ನೋಡಿದೆವು. ನಿಮ್ಮಮ್ಮ ಗೋಡೆಗೆ ಅಂಟಿಸಿದ್ದಾಳೆ. ನಿಮ್ಮ ಮೇಷ್ಟ್ರು ನಿನ್ನ ತಲೆಯ ಮೇಲೆ ಕೈ ಇಟ್ಟು ನಿಂತಿದ್ದಾರೆ. ಹೆತ್ತು ಹೊತ್ತು ಸಾಕಿದವರ ಹಾಗೆ ನಿಂತಿದ್ದಾರೆ. ಊಟಕ್ಕೆ ಕೂತರೆ ಸರಿಯಾಗಿ ಎದುರಿಗೇ ಕಾಣುತ್ತಾರೆ.

"ಅದನ್ನ ಬೇರೆ ಕಡೆ ಅಂಟಿಸ್ಬಾರ್ದಾ?" ಅಂದೆ.

"ಹೊಟ್ಟೆಕಿಚ್ಚು ರೀ ನಿಮಗೆ" ಅಂದಳು. ಅನ್ನ ಬಡಿಸುತ್ತಲೇ ಅಂದಳು, ತಲೆ ಕೂಡ ಎತ್ತಲಿಲ್ಲ.

ಹೌದು ಕಣೇ, ಹೊಟ್ಟೆಕಿಚ್ಚೇ. ಬರೆಯುವುದಕ್ಕೇನು ನಾಚಿಕೆ? ನಾನು ನಿನಗೆ ಹಿಡಿಯಲು ಕಲಿಸಿದ ಪ್ಲೇಟನ್ನು ನೀನು ಇನ್ನೊಬ್ಬರ ಪಕ್ಕ ಕೂತು ಹಿಡಿಯುತ್ತೀಯ. ನಾನು ಹತ್ತನೇ ತರಗತಿ ಓದಿ ಪೊರಕೆ ಹಿಡಿದು ಒಳಗೆ ಬಂದವನು. ರಕ್ತ ಎಳೆಯುವುದನ್ನು ಕದ್ದು ನೋಡಿ ಕಲಿತೆ, ಪ್ಲೇಟ್ ಓದುವುದನ್ನು ಬೈಸಿಕೊಂಡು ಕಲಿತೆ. ಅವರಿಗೆ ನೀನು ಕಲಿತೇ ಸಿಕ್ಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ತಿರುಗಿಸಿ ಓದಿದರೆ ನಿಮ್ಮ ಮೇಷ್ಟ್ರು: ಯಾರೋ ವರ್ಷಗಟ್ಟಲೆ ಮಾಡಿದ ಮಡಕೆಯನ್ನು ನಿಮಿಷದಲ್ಲಿ ತಲೆ ಮೇಲೆ ಹೊತ್ತುಕೊಂಡು ಹೋದವರು.

ಬಾತುಗಳ ವಿಷಯವನ್ನು ಸಭೆಯಲ್ಲಿ ಓದಲಿ. ಧಾರಾಳವಾಗಿ ಓದಲಿ. ಯಾರಾದರೂ ಒಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿಯಾರು, ಆಗ ನೋಡೋಣ. ಆದರೆ ನೀನು ಓದಬೇಡ. ಅವರೇ ಓದಲಿ ಅನ್ನು.

ಬಾತುಗಳು ದೊಡ್ಡ ಶೆಡ್ಡಿನಲ್ಲಿ ಆರಾಮವಾಗಿವೆ. ಒಂದೇ ಚರಂಡಿ, ಒಂದೇ ನೀರಿನ ಸಾಲು. ದಫೇದಾರನಿಗೂ ಅವಕ್ಕೂ ದಿನಾ ಜಗಳ.

ಅಪ್ಪ


ಜುಲೈ 15

ಪುಟ್ಟಿ,

ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಬೆಳಿಗ್ಗೆ ಲಸಿಕೆ ಹಾಕದ ಕೋಳಿಗಳಲ್ಲಿ ನಾಲ್ಕು ಸತ್ತು ಬಿದ್ದಿದ್ದವು. ಇವತ್ತು ಉಳಿದ ಆರೂ ಹೋದವು. ಹಸಿರು ಹಿಕ್ಕೆ, ಬಾಯಿ ಕಳೆದು ಉಸಿರು. ಗಿನಿ ಕೋಳಿ ಮೂರು. ಗೌಜಲಕ್ಕಿ ಎರಡು. ಲಸಿಕೆ ಹಾಕದ ಟರ್ಕಿಗಳಲ್ಲಿ ಐದು ಮಲಗಿವೆ. ದಫೇದಾರನ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿದೆ. ನಾನು ಒಳಗೆ ಹೋದರೆ ಎದ್ದು ಬಾಗಿಲಿಗೆ ಬರಲು ನೋಡುತ್ತಾನೆ, ಗೋಡೆಗೆ ಹೋಗಿ ಬಡಿಯುತ್ತಾನೆ.

ಬಾತುಗಳು ಇಪ್ಪತ್ತೂ ಈಜುತ್ತಿವೆ. ಲಸಿಕೆ ಹಾಕಿದ್ದೂ, ಹಾಕದ್ದೂ.

ಅಪ್ಪ


ಜುಲೈ 22

ಅಪ್ಪಾ,

ಎಲ್ಲ ಮುಗಿಯಿತು. ಲಸಿಕೆ ಹಾಕದ ಗುಂಪು ಇಲ್ಲದೆ ಹೋಲಿಕೆ ಇಲ್ಲ, ಹೋಲಿಕೆ ಇಲ್ಲದೆ ಪ್ರಯೋಗ ಇಲ್ಲ. ನಾನು ಎರಡು ದಿನ ರೂಮಿನಿಂದ ಹೊರಗೆ ಬರಲಿಲ್ಲ.

ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ನಿಮ್ಮ ಮ್ಯಾನೇಜರು ಇಲ್ಲಿಗೆ ವರದಿ ಕಳಿಸಿದ್ದಾರೆ. ಹಕ್ಕಿ ನೋಡಿಕೊಳ್ಳುವವರು ಬೂಟು ತೊಳೆಯದೆ ಹೊರಗಿನಿಂದ ರೋಗ ಹೊತ್ತು ತಂದಿರಬೇಕು ಎಂದು. ಹಕ್ಕಿ ನೋಡಿಕೊಳ್ಳುವವರು ಅಂದರೆ ನೀನು. ಮೀಟಿಂಗಿನಲ್ಲಿ ಎಲ್ಲರೂ ಹೂಂ ಅಂದರು. ನಾನು ಎದ್ದು ನಿಂತೆ. "ನಮ್ಮಪ್ಪ ಮನೆಗೆ ಬಂದ್ರೂ ಬಾಗಿಲಲ್ಲಿ ಔಷಧಿ ನೀರಿಗೆ ಕಾಲು ಅದ್ದಿ ಒಳಗೆ ಬರೋರು. ಅವರಿಂದ ಆಗಿರೋಕೆ ಸಾಧ್ಯಾನೇ ಇಲ್ಲ" ಅಂದೆ. ಸರ್ ಹೇಳಿದ್ದೇನು ಗೊತ್ತಾ? "ಅವರ ಕೈಕೆಲಸದ ಮೇಲೆ ನನಗೆ ಅನುಮಾನ ಇಲ್ಲ. ಬೇರೆ ಎಲ್ಲೋ ತಪ್ಪಾಗಿದೆ, ಹುಡುಕೋಣ."

ಬೇರೆ ಎಲ್ಲಿ ಅಪ್ಪಾ? ನಿನಗೆ ಏನಾದರೂ ಹೊಳೆಯುತ್ತದಾ? ದಫೇದಾರ ಹೇಗಿದ್ದಾನೆ?

ಪುಟ್ಟಿ


ಜುಲೈ 25

ಪುಟ್ಟಿ,

ದಫೇದಾರ ಹದಿನೇಳನೇ ತಾರೀಖು ಸತ್ತ. ಒಟ್ಟು ಇಪ್ಪತ್ತೊಂದು.

ಇದರ ಜೊತೆ ಅರ್ಧ ಬರೆದ ಒಂದು ಪತ್ರವಿದೆ. ತಾರೀಖು ನೋಡು, ಜೂನ್ 13. ನಿನ್ನ ವರದಿ ಹೋಗುವ ಮೊದಲೇ ಬರೆದದ್ದು. ‘ಹೇಗೆಂದರೆ’ ಅನ್ನುವವರೆಗೆ ಬರೆದು, ನಿನ್ನ ಪತ್ರ ಮತ್ತೊಮ್ಮೆ ತೆಗೆದು ನೋಡಿದೆ. ನಿಜವಾಗಿ ಕಲಿತದ್ದು ಇಲ್ಲಿಗೆ ಬಂದ ಮೇಲೆ ಎಂಬ ಸಾಲು. ಪೆನ್ನು ಕೆಳಗಿಟ್ಟೆ. ಹಾಗಾದರೆ ಅವರೇ ಹೇಳಲಿ ಅಂದುಕೊಂಡೆ. ತಪ್ಪು ಬಯಲಾಗಲಿ, ನಾಲ್ಕು ಜನರ ಮುಂದೆ ಅವರ ಮುಖ ಇಳಿಯಲಿ, ಆಗ ನೀನು ‘ನಮ್ಮಪ್ಪ ಇದ್ದಿದ್ದರೆ’ ಅನ್ನಲಿ. ಇದೇ ಆಸೆ. ಬಾತುಗಳು ರೋಗ ತಂದಿರಬಹುದು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ತಂದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವು ಚೆನ್ನಾಗಿಯೇ ತಿನ್ನುತ್ತಿದ್ದವು. ನಾನೂ ಚೆನ್ನಾಗಿಯೇ ತಿನ್ನುತ್ತಿದ್ದೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನೀನು ಎದ್ದು ನಿಂತು ನನ್ನ ಪರ ಮಾತಾಡಿದ್ದನ್ನು ಓದಿದಾಗ ನಿಮ್ಮಮ್ಮ ಪಕ್ಕದಲ್ಲಿದ್ದಳು. ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡೆ, ಅವಳಿಗೆ ತೋರಿಸುವ ಧೈರ್ಯ ಬರಲಿಲ್ಲ.

ಮೊದಲ ದಿನದ ಬಾತಿನ ತಿಳಿಯ ಎರಡನೆಯ ಟ್ಯೂಬುಗಳನ್ನು ನಾನು ಯಾವಾಗಲೂ ಎತ್ತಿಡುತ್ತೇನೆ. ಇಪ್ಪತ್ತೂ ಪೆಟ್ಟಿಗೆಯಲ್ಲಿವೆ. ಹನ್ನೆರಡನೆಯ ಕುಳಿ ಇಟ್ಟು ನೋಡು. ಪತ್ರವನ್ನು ಈ ಸಲ ಐಸಿನ ಮೇಲೆ ಇಟ್ಟಿದ್ದೇನೆ. ಯಾರು ಬೇಕಾದರೂ ಮೊದಲು ಓದಲಿ.

ಅಪ್ಪ


ಆಗಸ್ಟ್ 19

ಪುಟ್ಟಿ,

ಪತ್ರವಿಲ್ಲ. ಎರಡು ಪೆಟ್ಟಿಗೆ ಬಂದು ಹೋದವು, ಐಸು ಎತ್ತಿ ನೋಡಿದೆ, ತಳದವರೆಗೂ ನೋಡಿದೆ. ನಿಮ್ಮಮ್ಮ ಕೇಳಿದರೆ ಕೆಲಸ ಜಾಸ್ತಿಯಂತೆ ಅನ್ನುತ್ತೇನೆ. ಅವಳು ನಂಬಿದ ಹಾಗೆ ಮಾಡುತ್ತಾಳೆ. ಮ್ಯಾನೇಜರಿಗೂ ನಾನೇ ಹೇಳಿ ಬರೆದುಕೊಟ್ಟೆ, ಬೂಟಿನ ತಪ್ಪಲ್ಲ, ಮುಚ್ಚಿಕೊಂಡ ಬಾಯಿಯ ತಪ್ಪು ಎಂದು.

ಅಪ್ಪ


ಸೆಪ್ಟೆಂಬರ್ 9

ಪುಟ್ಟಿ,

ನಿನ್ನೆ ನಿಮ್ಮ ಮೇಷ್ಟ್ರು ಬಂದಿದ್ದರು. ನಿನಗೆ ಹೇಳಿ ಬಂದರೋ ಇಲ್ಲವೋ ತಿಳಿಯದು.

ಖಾಲಿ ಮಾಡಿಸಿದ ದೊಡ್ಡ ಶೆಡ್ಡಿಗೆ ಸುಣ್ಣ ಹೊಡೆಯುತ್ತಿದ್ದೆ. ಬಾಗಿಲಲ್ಲಿ ಕಾಲು ಅದ್ದಿ ಒಳಗೆ ಬಂದರು. ಫೋಟೋದಲ್ಲಿ ಎತ್ತರ ಕಾಣುತ್ತಾರೆ, ಎದುರಿಗೆ ನನ್ನ ಭುಜಕ್ಕೆ ಬರುತ್ತಾರೆ. ತಪ್ಪು ನನ್ನದೇ ಆಗಿದ್ದರೂ, ಅವರನ್ನು ನೋಡಿಯೂ ಗೋಡೆಗೆ ಸುಣ್ಣ ಬಳಿಯುತ್ತಲೇ ಇದ್ದೆ. ಕೂತುಕೊಳ್ಳಿ ಅನ್ನಲೂ ಇಲ್ಲ. ಅವರೇ ಮೇವಿನ ಡಬ್ಬ ಬೋರಲು ಹಾಕಿಕೊಂಡು ಕೂತರು. ನಾನು ಇನ್ನೊಂದರ ಮೇಲೆ ಕೂತೆ. ಅವರ ಫ್ಲಾಸ್ಕಿನ ಟೀ ತಣ್ಣಗಾಗಿತ್ತು, ಆದರೂ ಮುಚ್ಚಳಕ್ಕೆ ಸುರಿದು ಕೊಟ್ಟರು. ಕುಡಿದೆ.

"ನಿಮ್ಮ ಪತ್ರ ನಾನೇ ಮೊದಲು ಓದಿದ್ದು. ಐಸಿನ ಮೇಲಿತ್ತು" ಅಂದರು.

"ಓದ್ಲಿ ಅಂತಾನೇ ಇಟ್ಟಿದ್ದು."

"ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳು ಬಂದ ಮೊದಲ ದಿನ ಪ್ಲೇಟ್ ಓರೆ ಮಾಡಿ ಹಿಡಿದ್ಲು ನೋಡಿ, ನನಗೆ ಹೊಟ್ಟೆ ಉರೀತು. ಮೂವತ್ತು ವರ್ಷ ಪಾಠ ಮಾಡಿದೀನಿ, ಒಬ್ಬರ ಕೈಗೂ ನಾನು ಅದನ್ನ ಕೂರಿಸೋಕೆ ಆಗ್ಲಿಲ್ಲ. ಮಾತೆತ್ತಿದ್ರೆ ‘ನಮ್ಮಪ್ಪ ಹೀಗ್ ಮಾಡ್ತಿದ್ರು, ನಮ್ಮಪ್ಪ ಹಾಗ್ ಮಾಡ್ತಿದ್ರು’. ಲ್ಯಾಬಿನಲ್ಲಿ ನಾನು ಮೇಷ್ಟ್ರೋ ನೀವು ಮೇಷ್ಟ್ರೋ ಗೊತ್ತಾಗದ ಹಾಗಾಗಿತ್ತು. ಆ ಕುಳಿ ತೆಗೆಸಿದ್ನಲ್ಲ, ಅದಕ್ಕೆ ಬೇರೆ ಕಾರಣ ಏನೇ ಹೇಳಿದ್ರೂ, ಇದೇ ಕಾರಣ."

ನನಗೆ ನಗು ಬಂತು ಪುಟ್ಟಿ. ನಗಬಾರದ ಜಾಗ. ಅವರಿಗೂ ಬಂತು. ಇಬ್ಬರು ಮುದುಕರು ಖಾಲಿ ಶೆಡ್ಡಿನಲ್ಲಿ ಕೂತು ನಕ್ಕೆವು. ಆಮೇಲೆ ಅವರು ದಫೇದಾರ ಎಲ್ಲಿ ನಿಲ್ಲುತ್ತಿದ್ದ ಎಂದು ಕೇಳಿದರು. ಬಾಗಿಲು ತೋರಿಸಿದೆ. ಅಲ್ಲಿಗೆ ನಗು ನಿಂತಿತು.

ಬಾತಿನ ತಿಳಿ ತೊಳೆಯುವುದು ಹೇಗೆಂದು ಕೇಳಿದರು. ಹೇಳಲು ಬಾಯಿ ತೆರೆದೆ, ಆಮೇಲೆ ಬೇಡವೆನ್ನಿಸಿತು. "ಅವಳು ಕೇಳಿದ್ಲು. ಮೊದಲು ಅವಳಿಗೆ ಹೇಳ್ಬೇಕು" ಅಂದೆ. ಸರಿ ಅಂದರು. ಹೋಗುವಾಗ ಗಡಿಯಾರ ನೋಡಿದೆ, ಒಟ್ಟು ಅರ್ಧ ಗಂಟೆ ಕೂತಿದ್ದೆವು ಅಷ್ಟೇ.

ಇನ್ನಾದರೂ ಬರೆ. ಬೈದಾದರೂ ಬರೆ.

ಅಪ್ಪ


ಸೆಪ್ಟೆಂಬರ್ 20

ಅಪ್ಪಾ,

ಬೈ ಅಂದೆಯಲ್ಲ, ಬೈಯುತ್ತೇನೆ, ಕೇಳು.

ನಿನ್ನ ಮುಂದೆ ಅವರನ್ನು ಹೊಗಳಿದೆ, ಅವರ ಮುಂದೆ ನಿನ್ನನ್ನು ಹೊಗಳಿದೆ. ಇಬ್ಬರಿಗೂ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅಷ್ಟೇ ನಾನು ಮಾಡಿದ ತಪ್ಪು. ನನಗೆ ಯಾರು ಕಲಿಸಿದ್ದು ಎಂದು ನೀವಿಬ್ಬರೂ ಒಳಗೊಳಗೇ ಕಿತ್ತಾಡಿಕೊಂಡಿರಿ, ಸತ್ತದ್ದು ಶೆಡ್ಡಿನ ಹಕ್ಕಿಗಳು. ಒಬ್ಬರು ಕಾವಲು ಕುಳಿ ಕಿತ್ತರು, ಇನ್ನೊಬ್ಬರು ಕಿತ್ತದ್ದನ್ನು ನೋಡುತ್ತಾ ಬಿಸಿಲು ಜೋರು ಎಂದು ಬರೆದರು. ನನ್ನ ವರದಿಯ ಕೆಳಗಿದ್ದ ಸಹಿ ಮಾತ್ರ ನನ್ನದು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸರ್ ನಿಮ್ಮಿಬ್ಬರ ಮಾತು ಹೇಳಿ ನಕ್ಕರು. ನಾನು ನಗಲಿಲ್ಲ.

ನನಗೆ ಕಲಿಸಿದ್ದು ನೀನೂ ಅಲ್ಲ, ಅವರೂ ಅಲ್ಲ. ಒಂಬತ್ತು ವರ್ಷಕ್ಕೆ ಸ್ಟೂಲು ಎಳೆದುಕೊಂಡು ಬಂದು ಹತ್ತಿದವಳು ನಾನು. ಯಾರೂ ಎತ್ತಿ ನಿಲ್ಲಿಸಲಿಲ್ಲ. ನೀನು "ಬೀಳ್ತೀಯ, ಇಳಿ" ಅಂದಿದ್ದೆ. ನೆನಪಿದೆಯಾ?

ನೀನು ಕಳಿಸಿದ ಇಪ್ಪತ್ತು ಟ್ಯೂಬುಗಳಲ್ಲಿ ಹತ್ತನ್ನು ಕಾವಲು ಕುಳಿ ಇಟ್ಟು ನೋಡಿದೆ. ಹತ್ತಕ್ಕೆ ಹತ್ತೂ ಹನ್ನೆರಡನೆಯ ಕುಳಿಯಲ್ಲಿ ಹಾಸು. ಮೊದಲ ದಿನವೇ ಸಾಲಿಗೊಂದು ಕುಳಿ ಹೆಚ್ಚು ಹಾಕಿದ್ದರೆ ಗೊತ್ತಾಗುತ್ತಿತ್ತು. ಉಳಿದ ಹತ್ತು ಟ್ಯೂಬು ಮುಟ್ಟಿಲ್ಲ. ತೊಳೆಯುವ ಕ್ರಮ ಪುಸ್ತಕದಲ್ಲಿ ಹುಡುಕಿದರೆ ಸಿಗುತ್ತದೆ, ಸಿಕ್ಕಿದೆ ಕೂಡ. ಆದರೆ ಅದನ್ನು ನೋಡಿ ಮಾಡುವುದಿಲ್ಲ.

ಹೊಸ ಹಕ್ಕಿಗಳು ಮುಂದಿನ ತಿಂಗಳು ಬರುತ್ತವೆ. ಮೊದಲಿನಿಂದ ಶುರು. ಸಭೆಯ ಲೇಖನ ವಾಪಸು ತೆಗೆದುಕೊಂಡೆ. ನಿನ್ನ ಅರ್ಧ ಪತ್ರ ನನ್ನ ಮೇಜಿನ ಮೇಲಿದೆ. ‘ಹೇಗೆಂದರೆ’ ಎಂದು ಬರೆದು ನಿಲ್ಲಿಸಿದ್ದೀಯ. ಅಲ್ಲಿಂದ ಮುಂದಕ್ಕೆ ಬರೆದು ಕಳಿಸು. ಈ ಸಲ ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಪುಟ್ಟಿ


ಸೆಪ್ಟೆಂಬರ್ 23

ಹೇಗೆಂದರೆ, ಬಾತಿನ ತಿಳಿ ಇಪ್ಪತ್ತು ಪಾಲಿಗೆ, ತೊಳೆದು ಗಟ್ಟಿ ಮಾಡಿದ ಕೋಳಿಯ ಕೆಂಪು ಕಣ ಒಂದು ಪಾಲು. ಯಾವುದನ್ನು ಕಂಡರೆ ಅದಕ್ಕೆ ಆಗುವುದಿಲ್ಲವೋ ಅದನ್ನೇ ಅದರೊಳಗೆ ಹಾಕು. ಮೆಲ್ಲಗೆ ಅಲ್ಲಾಡಿಸು, ಕುಲುಕಬೇಡ. ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಇಟ್ಟು ಬಿಡು. ಮುದ್ದೆ ಕಟ್ಟುತ್ತದೆ, ಕಟ್ಟಲಿ. ಇರುವ ಮುನಿಸೆಲ್ಲ ಆ ಕಣಗಳ ಮೇಲೆ ತೀರಿ ಅವುಗಳ ಜೊತೆಗೇ ತಳಕ್ಕೆ ಇಳಿಯುತ್ತದೆ. ಆಮೇಲೆ ಮೇಲಿನ ತಿಳಿಯನ್ನು ತೆಗೆದು ಪ್ಲೇಟಿಗೆ ಹಾಕು. ಹನ್ನೆರಡನೆಯ ಕುಳಿಯಲ್ಲಿ ಚುಕ್ಕೆ ಕೂತರೆ ಉಳಿದ ಹನ್ನೊಂದೂ ನಿಜವನ್ನೇ ಹೇಳುತ್ತವೆ.

ಅರ್ಧ ಗಂಟೆ ಬೇಕು, ಪುಟ್ಟಿ. ಅದಕ್ಕಿಂತ ಮೊದಲು ಎತ್ತಬೇಡ. ಪುಸ್ತಕದಲ್ಲೂ ಅಷ್ಟೇ ಇದ್ದೀತು, ಆದರೆ ನಾನು ಕೂತು ನೋಡಿ ಹೇಳುತ್ತಿದ್ದೇನೆ.

ಸ್ಟೂಲಿನ ವಿಷಯ ನಿಜ. ಇಳಿ ಅಂದಿದ್ದೆ. ನೀನು ಇಳಿಯಲಿಲ್ಲ.

ಅಪ್ಪ